ದಣಪೆಯ ಮೇಲೆ ಕೂತ ಹಕ್ಕಿ

ಫ್ರಾನ್ಸಿಗೆ ಬಂದ ಮೊದಲ ಚಳಿಗಾಲ. ಬೆಳಿಗ್ಗೆ ಎದ್ದರೆ ಕಿಟಕಿಯಾಚೆ ಹಿಮ. ಹಲ್ಲನ್ನೂ ಉಜ್ಜದೆ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. "ಸುಣ್ಣ ಹೊಡೆದ ಹಾಗಿದೆ ಕಣೇ" ಅಂದಳು. ನಾನೂ ಹೂಂಗುಟ್ಟಿದೆ. ಸಾಗರದ ಕಡೆಯ ಹಳ್ಳಿಯವಳು ನಾನು. ನಮ್ಮಲ್ಲಿ ಮಂಜು ಅಂದರೆ ಅಡಿಕೆ ತೋಟದ ಮೇಲೆ ನಿಂತು, ಬಿಸಿಲೇರುವಷ್ಟರಲ್ಲಿ ಮಾಯವಾಗುವಂಥದ್ದು. ಬೂಟಿನಡಿ ಕರಕರ ಅನ್ನುವ ಈ ವಸ್ತುವನ್ನೂ ಮಂಜು ಅನ್ನಲು ನಾಲಿಗೆ ತಡವರಿಸುತ್ತದೆ. ಅದರ ಬಣ್ಣದ ಬಗ್ಗೆ ಮಾತ್ರ ಅನುಮಾನವಿರಲಿಲ್ಲ. ಬಿಳಿ, ಅಷ್ಟೇ.

ಆ ಖಾತ್ರಿ ಹೋದದ್ದು ಪ್ಯಾರಿಸ್ಸಿನ ಓರ್ಸೆ ಸಂಗ್ರಹಾಲಯದಲ್ಲಿ. 1900ರ ವಿಶ್ವಮೇಳಕ್ಕೆಂದು ಕಟ್ಟಿದ್ದ ರೈಲು ನಿಲ್ದಾಣ ಅದು. 1986ರಿಂದ ಸಂಗ್ರಹಾಲಯ. ತಿಂಗಳ ಮೊದಲ ಭಾನುವಾರ ಪುಕ್ಕಟೆ ಪ್ರವೇಶ ಎನ್ನುವುದೇ ನಾನು ಹೋದ ಮುಖ್ಯ ಕಾರಣ, ಸುಳ್ಳು ಹೇಳುವುದಿಲ್ಲ. ಜನರ ಮಧ್ಯೆ ತೂರಿಕೊಂಡು ಹೋಗುತ್ತಿದ್ದವಳು ಒಂದು ಚಿತ್ರದೆದುರು ನಿಂತೆ. ನಿಲ್ಲಿಸಿದ್ದು ಕಲೆಯಲ್ಲ, ದಣಪೆ. ಗದ್ದೆಬೇಲಿಯ ಬಾಯಿಗೆ ಅಡ್ಡಗೋಲು ಸೇರಿಸಿ ಮಾಡುತ್ತಾರಲ್ಲ, ಹೆಚ್ಚುಕಡಿಮೆ ಹಾಗೇ ಏಣಿಯಂಥ ಗೇಟು. ಅದರ ಮೇಲೆ ಕಪ್ಪುಬಿಳಿ ಹಕ್ಕಿಯೊಂದು ಕೂತಿದೆ. ಹೆಣೆದ ಬೇಲಿ, ಹಿಂದೆ ಮನೆ, ಮರಗಳು; ಎಲ್ಲದರ ಮೇಲೂ ಹಿಮ. ನರಪಿಳ್ಳೆ ಇಲ್ಲ. ಫ್ರೆಂಚ್ ಕಲಾವಿದ ಕ್ಲೋದ್ ಮೋನೆ 1868–69ರ ಚಳಿಗಾಲದಲ್ಲಿ ಬರೆದ ತೈಲಚಿತ್ರ ಇದು. 89 ಸೆಂಟಿಮೀಟರ್ ಎತ್ತರ, 130 ಅಗಲ. ಹೆಸರು 'ಲಾ ಪೀ', ಆ ಹಕ್ಕಿಯದೇ ಹೆಸರು. ನಮ್ಮ ಮಟಪಕ್ಷಿಯ ದೂರದ ನೆಂಟ, ಕಾಗೆಯ ಕುಲ.

ಸೂರ್ಯ ಬೇಲಿಯ ಹಿಂದಿದ್ದಾನೆ. ಹಾಗಾಗಿ ಬೇಲಿಯ ನೆರಳು ನೋಡುವವರ ಕಡೆಗೇ ಚಾಚಿಕೊಂಡಿದೆ, ಮತ್ತು ಆ ನೆರಳು ನೀಲಿ. ಕಪ್ಪಲ್ಲ, ಬೂದಿಯೂ ಅಲ್ಲ, ಅಲ್ಲಲ್ಲಿ ನೇರಳೆಗೆ ತಿರುಗುವ ನೀಲಿ. ಬಿಸಿಲು ಬಿದ್ದ ಕಡೆ ಹಿಮ ಕೆನೆಯ ಬಣ್ಣ. ಹತ್ತಿರ ಹೋದರೆ ಅಪ್ಪಟ ಬಿಳಿ ಅನ್ನುವ ಜಾಗ ಹುಡುಕಬೇಕು. ಚಂದಕ್ಕೆ ಹೀಗೆ ಬಳಿದಿರಬೇಕು ಅಂದುಕೊಂಡೆ. ನೆರಳು ಎಲ್ಲಾದರೂ ನೀಲಿ ಇರುತ್ತದೆಯೇ?

ಆಗ ಮೋನೆಗೆ 28 ವರ್ಷ. ಕೈಯಲ್ಲಿ ಕಾಸಿಲ್ಲ, ಮನೆಯಲ್ಲಿ ಸಂಗಾತಿ ಕಮೀಯ್ ಮತ್ತು ಎಳೆಯ ಮಗು. ಗೋದಿಬೇರ್ ಎಂಬ ಪೋಷಕನ ನೆರವಿನಿಂದ ನಾರ್ಮಂಡಿ ಕರಾವಳಿಯ ಎತ್ರೆತಾದಲ್ಲಿ ಒಂದು ಬಾಡಿಗೆ ಮನೆ. ಈ ಮನುಷ್ಯ ಹಿಮವನ್ನು ಕೋಣೆಯೊಳಗೆ ಬೆಂಕಿ ಕಾಯಿಸಿಕೊಳ್ಳುತ್ತಾ ಬರೆದವನಲ್ಲ. ಆ ಕಾಲದ ಪತ್ರಕರ್ತನೊಬ್ಬ ಹಿಮದ ಬಯಲಲ್ಲಿ ಅವನನ್ನು ಕಂಡದ್ದನ್ನು ಬರೆದಿದ್ದಾನೆ: ಮೊದಲು ಕಂಡದ್ದು ಕಾಲು ಕಾಯಿಸುವ ಅಗ್ಗಿಷ್ಟಿಕೆ, ಆಮೇಲೆ ಚಿತ್ರದ ಸ್ಟ್ಯಾಂಡು, ಆಮೇಲೆ ಮೂರು ಕೋಟು ತೊಟ್ಟು ಕೈಗವಸು ಹಾಕಿದ, ಮುಖ ಅರ್ಧ ಮರಗಟ್ಟಿದ ಮನುಷ್ಯ. ನೀರಿನ ಬಣ್ಣವಾಗಿದ್ದರೆ ಆ ಚಳಿಗೆ ಕುಂಚದಲ್ಲೇ ಹೆಪ್ಪುಗಟ್ಟುತ್ತಿತ್ತು. ಎಣ್ಣೆಬಣ್ಣ ಅಷ್ಟು ಸುಲಭಕ್ಕೆ ಸೋಲುವುದಿಲ್ಲ. ಅದನ್ನು ಅರೆಯುವುದು ಅಗಸೆ ಎಣ್ಣೆಯಲ್ಲಿ. ನನ್ನವರು ಧಾರವಾಡದವರು, ಇದನ್ನು ಕೇಳಿ "ನಮ್ಮ ಅಗಸಿ ಹಿಂಡಿದೇನು!" ಅಂದರು. ಹೌದು, ಅದೇ ಬೀಜ.

1869ರ ಸಲೋನ್‌ಗೆ, ಅಂದರೆ ಪ್ಯಾರಿಸ್ಸಿನ ಅಧಿಕೃತ ಕಲಾಪ್ರದರ್ಶನಕ್ಕೆ, ಮೋನೆ ಈ ಚಿತ್ರ ಕಳಿಸಿದ. ತೀರ್ಪುಗಾರರು ಬೇಡವೆಂದರು. ಅವರಿಗೂ ನನ್ನ ಹಾಗೇ ಅನಿಸಿತ್ತೋ ಏನೋ. ಇವತ್ತು ಓರ್ಸೆಯಲ್ಲಿ ಜನ ಮುಗಿಬಿದ್ದು ಇದರ ಫೋಟೋ ತೆಗೆಯುತ್ತಾರೆ.

ನಾವಿರುವುದು ಅರ್ಜಾಂತೇಯ್‌ನಲ್ಲಿ, ಪ್ಯಾರಿಸ್ಸಿನ ಹೊರವಲಯ. ಬಾಡಿಗೆ ಕಮ್ಮಿ ಎಂದು ಬಂದದ್ದು. 1871ರ ಕೊನೆಯಿಂದ ಸುಮಾರು ಆರು ವರ್ಷ ಮೋನೆಯೂ ಇದೇ ಊರಲ್ಲಿದ್ದ ಎನ್ನುವುದು ಆಮೇಲೆ ತಿಳಿಯಿತು. 1874–75ರ ಚಳಿಗಾಲ ಒಂದರಲ್ಲೇ ಇಲ್ಲಿಯ ಹಿಮದ ಹದಿನೆಂಟು ಚಿತ್ರ ಬರೆದನಂತೆ. ಈಗ ಇಲ್ಲಿ ಎಲ್ಲಿ ನೋಡಿದರೂ ಫ್ಲ್ಯಾಟುಗಳು, ಕಾರುಗಳು. ಹಿಮ ಬಿದ್ದರೂ ಒಂದೆರಡು ದಿನ ನಿಂತರೆ ಹೆಚ್ಚು.

ಕಳೆದ ಸಲ ಬಿದ್ದ ಮಾರನೆಯ ಬೆಳಿಗ್ಗೆ ಮೋಡ ಸರಿದು ಬಿಸಿಲು ಬಂತು. ಕಸ ಹಾಕಲು ಕೆಳಗಿಳಿದೆ. ಸೈಕಲ್ ಸ್ಟ್ಯಾಂಡಿನ ಸರಳುಗಳ ನೆರಳು ಹಿಮದ ಮೇಲೆ ಸಾಲಾಗಿ ಬಿದ್ದಿತ್ತು. ನೀಲಿ! ಕಸದ ಚೀಲ ಹಿಡಿದುಕೊಂಡೇ ನಿಂತೆ. ಕಾರಣ ಕೇಳಿದರೆ ಸರಳ. ನೇರ ಬಿಸಿಲು ತಾಗದ ಕಡೆಗೆ ಬರುವುದು ಆಕಾಶದ ಬೆಳಕೊಂದೇ, ಹಿಮಕ್ಕೆ ಸ್ವಂತ ಬಣ್ಣವಿಲ್ಲ, ಆಕಾಶದ ನೀಲಿಯನ್ನೇ ತಿರುಗಿ ಕೊಡುತ್ತದೆ. ಆದರೆ ಅಷ್ಟು ವರ್ಷ ಅದರ ಮೇಲೇ ಜಾರದಂತೆ ನಡೆದವಳಿಗೆ ಅದು ಕಂಡಿರಲಿಲ್ಲವಲ್ಲ!

ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. "ನೀಲಿ ಎಲ್ಲಿದೆ? ಬಿಳೀನೇ ಕಾಣ್ತಿದೆ" ಅಂದಳು. ಸರಿ, ಮೋನೆಯ ಚಿತ್ರವನ್ನೇ ಕಳಿಸಿದೆ. ಸ್ವಲ್ಪ ಹೊತ್ತು ಮಾತಿಲ್ಲ.

"ಇದು ನಮ್ಮ ಕೆಳಗದ್ದೆಯ ದಣಪೆ ಇದ್ದ ಹಾಗೇ ಇದ್ಯಲ್ಲೇ. ಮೇಲೆ ಕೂತಿದ್ದು ಕಾಗೆಯಾ?"

"ಕಾಗೆ ಜಾತಿಯದೇ ಅಮ್ಮಾ."

"ಹಾಗಾದ್ರೆ ಇವತ್ತು ಒಂದು ಲೋಟ ಅಕ್ಕಿ ಜಾಸ್ತಿ ಹಾಕು. ಯಾರೋ ನೆಂಟರು ಬರ್ತಾರೆ."

ಹಿಮಕ್ಕೆ ಬಸ್ಸೇ ಓಡದ ದಿನ ಯಾವ ನೆಂಟರು ಎಂದು ನಕ್ಕರೂ ಅಕ್ಕಿ ಹಾಕಿದ್ದು ಹೌದು. ಯಾರೂ ಬರಲಿಲ್ಲ. ಮರುದಿನ ಬೆಳಿಗ್ಗೆ ಉಳಿದ ಅನ್ನಕ್ಕೆ ಚಿತ್ರಾನ್ನದ ಒಗ್ಗರಣೆ ಹಾಕುತ್ತಾ ಕಿಟಕಿಯಿಂದ ಬಗ್ಗಿ ನೋಡಿದರೆ ಸೈಕಲ್ ಸ್ಟ್ಯಾಂಡಿನ ಬುಡದಲ್ಲಿ ಬರೀ ರಾಡಿ.