ಲೆಸ್ ಪಾಲ್ ದಾರಿಯಲ್ಲಿ ಏಳು ಭಾನುವಾರ

ಮೊದಲ ಭಾನುವಾರ

ಇವತ್ತು ಕೆಲಸ ಶುರು ಮಾಡಿದೆವು. ನಮ್ಮ ಅಜ್ಜಿ ಹಾಡುತ್ತಿದ್ದ ಒಂದು ಬೀಸುವ ಪದ ಇದೆ. ಅದನ್ನು ನಾನು, ತಂಗಿ, ಅಮ್ಮ ಮೂವರೇ ಸೇರಿ ಎಂಟು ಪದರದಲ್ಲಿ ರೆಕಾರ್ಡ್ ಮಾಡಬೇಕು. ಒಬ್ಬಳೇ ತಂಗಿ ಮೂರು ದನಿಯಲ್ಲಿ ಹಾಡಬೇಕು. ನಾನೊಬ್ಬನೇ ನಾಲ್ಕು ಸಲ ನುಡಿಸಬೇಕು. ಕಂಪ್ಯೂಟರ್ ಮುಟ್ಟುವ ಹಾಗಿಲ್ಲ. ಎರಡು ಹಳೇ ಕ್ಯಾಸೆಟ್ ಡೆಕ್, ದನಿಗಳನ್ನು ಬೆರೆಸುವ ಒಂದು ಚಿಕ್ಕ ಮಿಕ್ಸರ್, ಒಂದು ಮೈಕ್, ಒಂದು ಹೆಡ್‌ಫೋನ್. ಅಷ್ಟೇ.

ಮೊಬೈಲಿನಲ್ಲಿ ಇದು ಅರ್ಧ ಗಂಟೆಯ ಕೆಲಸ. ಪದರದ ಮೇಲೆ ಪದರ ಹಾಕುವುದು ಈಗ ಎಷ್ಟು ಸಲೀಸು ಅಂದರೆ, ಅದನ್ನು ಯಾರೋ ಒಬ್ಬರು ಮೊದಲು ಯೋಚಿಸಿರಬೇಕು ಅನ್ನುವುದೇ ಮರೆತುಹೋಗುತ್ತದೆ. ಹಾಗೆ ಯೋಚಿಸಿ ಛಲ ಬಿಡದೆ ಮಾಡಿ ತೋರಿಸಿದವರಲ್ಲಿ ನನಗೆ ತುಂಬಾ ಇಷ್ಟವಾದವರು ಲೆಸ್ ಪಾಲ್. 1915ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವಾಕೆಶಾ ಊರಿನಲ್ಲಿ ಹುಟ್ಟಿದ ಗಿಟಾರ್ ವಾದಕ. 1948ರಲ್ಲಿ ಅವರು ಒಂದು ರೆಕಾರ್ಡ್ ಹೊರತಂದರು. ಅದರಲ್ಲಿ ಎಂಟು ಗಿಟಾರ್ ಕೇಳುತ್ತದೆ. ಎಂಟನ್ನೂ ನುಡಿಸಿದವರು ಅವರೊಬ್ಬರೇ. ಆಗ ಅವರ ಹತ್ತಿರ ಟೇಪ್ ಕೂಡ ಇರಲಿಲ್ಲ. ಹಾಲಿವುಡ್‌ನ ಮನೆಯ ಗ್ಯಾರೇಜಿನಲ್ಲಿ ಡಿಸ್ಕ್ ಕೊರೆಯುವ ಯಂತ್ರ ಇಟ್ಟುಕೊಂಡಿದ್ದರು. ಕ್ಯಾಡಿಲಾಕ್ ಕಾರಿನ ಫ್ಲೈವೀಲ್, ಅಂದರೆ ವೇಗ ಏರುಪೇರಾಗದ ಹಾಗೆ ತಿರುಗುವ ಭಾರದ ಚಕ್ರ, ಹಾಕಿ ಅವರೇ ಕಟ್ಟಿಕೊಂಡದ್ದು ಅದು. ಒಂದು ಡಿಸ್ಕ್ ಓಡಿಸುತ್ತಾ, ಅದರ ಜೊತೆ ನುಡಿಸುತ್ತಾ, ಎರಡನ್ನೂ ಸೇರಿಸಿ ಇನ್ನೊಂದು ಡಿಸ್ಕಿಗೆ ಕೊರೆಯುತ್ತಿದ್ದರು. ಆಮೇಲೆ ಅದನ್ನು ಓಡಿಸಿ ಮತ್ತೊಂದಕ್ಕೆ.

ನಮ್ಮ ಎರಡು ಡೆಕ್ ಮಾಡುವುದೂ ಇದನ್ನೇ. ಇವತ್ತು ಮಾತ್ರ ರೆಕಾರ್ಡಿಂಗ್ ಏನೂ ಆಗಲಿಲ್ಲ. ಒಂದು ಡೆಕ್‌ನ ಬೆಲ್ಟ್ ಸಡಿಲವಾಗಿ ಜಾರುತ್ತಿತ್ತು. ಹೊಸದು ಹಾಕಿದೆ. ಟೇಪನ್ನು ಓದುವ, ಬರೆಯುವ ಭಾಗಕ್ಕೆ ಹೆಡ್ ಅನ್ನುತ್ತಾರೆ. ಎರಡರ ಹೆಡ್‌ಗೂ ಹತ್ತಿಯಲ್ಲಿ ಸ್ಪಿರಿಟ್ ಹಚ್ಚಿ ಒರೆಸಿದೆ. ಕಂದು ಬಣ್ಣದ ಕೊಳೆ ಎಷ್ಟು ಬಂತು ಅಂತೀರಿ!

ಎರಡನೇ ಭಾನುವಾರ

ಇವತ್ತು ಟೇಪ್ ಬಿಟ್ಟು ಮರದ ಕೆಲಸ. ನಮಗೆ ಒಂದು ಬೇಸ್, ಅಂದರೆ ತಗ್ಗು ಸ್ವರದ ತಂತಿ ವಾದ್ಯ ಬೇಕಿತ್ತು. ಸುಮ್ನೆ ಕೊಂಡು ತರುವ ಬದಲು ಲೆಸ್ ಪಾಲ್ ಹುಡುಗನಾಗಿದ್ದಾಗ ಮಾಡಿದ ಒಂದು ಪರೀಕ್ಷೆಯನ್ನು ನಾವೂ ಮಾಡೋಣ ಅಂದುಕೊಂಡೆ.

ಆ ಪರೀಕ್ಷೆ ಹೀಗಿತ್ತು. ಒಂದು ತುಂಡು ರೈಲು ಕಂಬಿ. ಅದರ ಮೇಲೆ ಒಂದೇ ಒಂದು ತಂತಿ ಬಿಗಿದು, ಅಡಿಯಲ್ಲಿ ಟೆಲಿಫೋನ್ ರಿಸೀವರ್ ಇಟ್ಟರು. ಮೀಟಿದರೆ ದನಿ ನಿಲ್ಲುತ್ತಲೇ ಇರಲಿಲ್ಲವಂತೆ. ಕಂಬಿ ಗಟ್ಟಿ, ಅಲುಗುವುದಿಲ್ಲ. ಹಾಗಾಗಿ ತಂತಿಯ ಶಕ್ತಿಯನ್ನು ಅದು ಕುಡಿಯುವುದಿಲ್ಲ. ಖುಷಿಯಿಂದ ಓಡಿ ಹೋಗಿ ಅಮ್ಮನಿಗೆ ಹೇಳಿದರೆ, ಕುದುರೆ ಮೇಲೆ ಕೂತು ರೈಲು ಕಂಬಿ ನುಡಿಸುವವರನ್ನು ಎಲ್ಲಾದರೂ ನೋಡಿದ್ದೀಯಾ ಅನ್ನುವ ಅರ್ಥದಲ್ಲಿ ಅವರು ನಕ್ಕುಬಿಟ್ಟರಂತೆ. ಕಂಬಿಯ ಆಸೆ ಅಲ್ಲಿಗೇ ಮುಗಿಯಿತು. ಆದರೆ ಗಟ್ಟಿ ಮೈ ಇದ್ದರೆ ದನಿ ಉಳಿಯುತ್ತದೆ ಅನ್ನುವ ಪಾಠ ಉಳಿದುಕೊಂಡಿತು.

ನಾನು ವೆಲ್ಡಿಂಗ್ ಅಂಗಡಿಯಿಂದ ಎರಡೂವರೆ ಅಡಿ ಉದ್ದದ ದಪ್ಪ ಕಬ್ಬಿಣದ ಆ್ಯಂಗಲ್ ಪಟ್ಟಿ ತಂದೆ. ಅಷ್ಟೇ ಉದ್ದದ ಒಂದು ಹಲಸಿನ ಹಲಗೆ ಮನೆಯಲ್ಲೇ ಇತ್ತು. ವೀಣೆ ಮಾಡುವ ಮರವೇ ತಾನೇ, ನೋಡೋಣ ಅಂತ ತೆಗೆದುಕೊಂಡೆ. ಗುಜರಿಯಲ್ಲಿ ಸಿಕ್ಕ ಹಳೇ ಕಪ್ಪು ಟೆಲಿಫೋನಿನ ಕಿವಿಭಾಗ ಬಿಚ್ಚಿ, ಮೇಲಿನ ತೆಳು ತಗಡು ತೆಗೆದೆ. ಒಳಗೆ ಒಂದು ಅಯಸ್ಕಾಂತ, ತೆಳ್ಳಗಿನ ತಂತಿ ಸುತ್ತಿದ ಕಾಯಿಲ್. ಉಕ್ಕಿನ ತಂತಿ ಅದರ ಮೇಲೆ ಅಲುಗಿದರೆ ಕಾಯಿಲ್‌ನಲ್ಲಿ ಸಣ್ಣ ಕರೆಂಟ್ ಹುಟ್ಟುತ್ತದೆ. ಅದೇ ಪಿಕಪ್.

ಮೊಬೈಲಿನಲ್ಲಿ ಸಮಯ ನೋಡಿದೆವು. ನನ್ನ ಟೊಳ್ಳು ಗಿಟಾರಿನಲ್ಲಿ ದನಿ ಆರೇ ಸೆಕೆಂಡಿಗೆ ಸತ್ತಿತು. ಹಲಗೆಯಲ್ಲಿ ಹನ್ನೊಂದು. ಕಬ್ಬಿಣದಲ್ಲಿ ಹದಿನೆಂಟು ದಾಟಿತು. ತಂಗಿ ನಂಬಲಿಲ್ಲ. ಅವಳೇ ಮತ್ತೆ ಮೀಟಿ ನೋಡಿದಳು.

ಆದರೂ ಹಲಗೆಯನ್ನೇ ಇಟ್ಟುಕೊಂಡೆವು. ಕಬ್ಬಿಣದ ದನಿ ತಣ್ಣಗೆ, ಸ್ವಲ್ಪ ಚುಚ್ಚುವ ಹಾಗಿತ್ತು. ಲೆಸ್ ಪಾಲ್ ಕೂಡ ಕೊನೆಗೆ ಮರಕ್ಕೇ ಬಂದರು. 1940ರ ಸುಮಾರಿಗೆ ನ್ಯೂಯಾರ್ಕಿನ ಎಪಿಫೋನ್ ಗಿಟಾರ್ ಕಾರ್ಖಾನೆಗೆ ಭಾನುವಾರ ರಜೆ ಇದ್ದಾಗ ಹೋಗಿ, ನಾಲ್ಕಿಂಚು ದಪ್ಪದ ಪೈನ್ ಮರದ ತೊಲೆಗೆ ತಂತಿ, ಪಿಕಪ್ ಹಾಕಿದರು. ಅದರ ಹೆಸರೇ 'ದಿ ಲಾಗ್', ಅಂದರೆ ಮರದ ದಿಮ್ಮಿ. ಅದನ್ನು ಹಾಗೇ ಹಿಡಿದು ನುಡಿಸಿದಾಗ ಜನ ತಿರುಗಿಯೂ ನೋಡಲಿಲ್ಲ. ಇನ್ನೊಂದು ಗಿಟಾರಿನ ಹೊಟ್ಟೆ ಕೊಯ್ದು ಎರಡು ಬದಿಗೆ ಅಂಟಿಸಿಕೊಂಡು ಹೋದರು. ಆಗ ಎಲ್ಲರಿಗೂ ಇಷ್ಟವಾಯಿತು. ದನಿ ಬದಲಾಗಿರಲಿಲ್ಲ, ಆಕಾರ ಮಾತ್ರ ಗಿಟಾರಿನದಾಗಿತ್ತು. ಗಿಬ್ಸನ್ ಕಂಪನಿಯವರು ಮೊದಲು ಅದನ್ನು ಪೊರಕೆ ಕೋಲು ಅಂತ ತಳ್ಳಿಹಾಕಿದರಂತೆ. ಫೆಂಡರ್ ಅನ್ನುವ ಇನ್ನೊಂದು ಕಂಪನಿ ಗಟ್ಟಿ ಮೈಯ ಗಿಟಾರ್ ಮಾರಲು ಶುರು ಮಾಡಿದ ಮೇಲೆ ಅವರ ಮನಸ್ಸು ಬದಲಾಯಿತು. 1952ರಲ್ಲಿ ಲೆಸ್ ಪಾಲ್ ಹೆಸರಿನ ಗಿಟಾರ್ ಬಂತು. ಮುಂದೆ ರಾಕ್ ಗಿಟಾರ್ ವಾದಕ ಜಿಮ್ಮಿ ಪೇಜ್ ಕೈಯಲ್ಲಿ ಕೇಳಿದ್ದು ಅದನ್ನೇ.

ಮೂರನೇ ಭಾನುವಾರ

ಮೊದಲ ಪದರ: ಬೀಸುವ ಕಲ್ಲು. ಅಟ್ಟದಿಂದ ಇಳಿಸಿ, ತೊಳೆದು, ಒಣಗಿಸಿ ಇಟ್ಟಿದ್ದೆವು. ಅಮ್ಮ ರಾಗಿ ಹಾಕಿಕೊಂಡು ಬೀಸಲು ಕೂತರು. ಮೈಕನ್ನು ಕಲ್ಲಿನಿಂದ ಒಂದು ಗೇಣು ದೂರದಲ್ಲಿ ಇಟ್ಟೆ. ಆಗಿನ ಸ್ಟುಡಿಯೋಗಳಲ್ಲಿ ಮೈಕಿನಿಂದ ಎರಡು ಮೂರು ಅಡಿ ದೂರ ನಿಂತು ಹಾಡುವುದು ರೂಢಿ. ಲೆಸ್ ಪಾಲ್ ಹೆಂಡತಿಯನ್ನು ಮೈಕಿಗೆ ಕೆಲವೇ ಇಂಚು ಹತ್ತಿರ ನಿಲ್ಲಿಸಿ ಹಾಡಿಸಿದರು. ಉಸಿರು ಕೂಡ ಕೇಳುವ ಆ ಹತ್ತಿರದ ದನಿ ಈಗ ಎಲ್ಲಾ ಹಾಡುಗಳಲ್ಲೂ ಇದೆ ಅಲ್ವಾ?

ಘರ್ರ್, ಘರ್ರ್, ನಡುವೆ ಅಮ್ಮನ ಗಾಜಿನ ಬಳೆಗಳ ಸದ್ದು. ತುಂಬಾ ಚೆನ್ನಾಗಿ ಬಂತು.

ಎರಡನೇ ಪದರ ಹಲಗೆಯ ಬೇಸ್. ಮೂರನೆಯದು ಗಿಟಾರ್. ಆಮೇಲೆ ಕೇಳಿದರೆ ಏನೋ ಸರಿ ಇಲ್ಲ. ಎರಡನೇ ಪದರದ ಶ್ರುತಿ ಸ್ವಲ್ಪ ಮೇಲೆ ಹೋಗಿದೆ. ಕಲ್ಲಿನ ಸದ್ದು ಕಂಬಳಿ ಹೊದ್ದುಕೊಂಡ ಹಾಗಿದೆ. ಗಿಟಾರ್ ಶ್ರುತಿ ಮಾಡಿದ್ದೇ ತಪ್ಪೇ ಅಂತ ಒಂದು ಗಂಟೆ ತಲೆ ಕೆಡಿಸಿಕೊಂಡೆ.

ತಪ್ಪು ಬೇರೆ ಕಡೆ ಇತ್ತು. ಎರಡನೇ ಡೆಕ್‌ನಲ್ಲಿ ರೆಕಾರ್ಡ್ ಆದ ಕ್ಯಾಸೆಟ್ಟನ್ನು ತೆಗೆದು ಮೊದಲ ಡೆಕ್‌ಗೆ ಹಾಕಿ ಓಡಿಸಿದ್ದೆ. ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಆದರೆ ಯಾವ ಎರಡು ಹಳೇ ಡೆಕ್ ಕೂಡ ಒಂದೇ ವೇಗದಲ್ಲಿ ಓಡುವುದಿಲ್ಲ. ಹೆಡ್ ಕೂತಿರುವ ಕೋನವೂ ಕೂದಲೆಳೆಯಷ್ಟು ಬೇರೆ. ಆ ಕೋನ ತಪ್ಪಿದರೆ ಮೊದಲು ಸಾಯುವುದು ಮೇಲಿನ ಚೂಪು ಸದ್ದುಗಳು. ಪರಿಹಾರ ಬಹಳ ಸುಲಭ: ಯಾವ ಡೆಕ್‌ನಲ್ಲಿ ರೆಕಾರ್ಡ್ ಆಯಿತೋ ಅಲ್ಲೇ ಓಡಿಸಬೇಕು. ಕ್ಯಾಸೆಟ್ ಬದಲಿಸಬಾರದು, ವೈರ್ ಬದಲಿಸಬೇಕು. ಹಾಗೆ ಮಾಡಿದ ತಕ್ಷಣ ಶ್ರುತಿ ಸರಿಹೋಯಿತು. ಎರಡು ಟೇಪ್ ಡೆಕ್ ಇಟ್ಟುಕೊಂಡು ಇದನ್ನು ಮಾಡುವವರು ಇದೊಂದನ್ನು ನೆನಪಿಡಿ. ನಮ್ಮ ಒಂದು ಭಾನುವಾರ ಇದಕ್ಕೇ ಹೋಯಿತು.

ನಾಲ್ಕನೇ ಭಾನುವಾರ

ಮೊದಲಿಂದ ಶುರು. ಕಲ್ಲು, ಬೇಸ್, ಗಿಟಾರ್, ಚಿಕ್ಕ ಚಿಕ್ಕ ತುಂಬುವ ಸ್ವರಗಳು. ಒಟ್ಟು ನಾಲ್ಕು ಪದರ ಮುಗಿದವು.

ಇವತ್ತು ಒಂದು ಹೊಸ ನಿಯಮ ಹಾಕಿಕೊಂಡೆವು. ಹಿಂದಿನ ಪದರದ ಟೇಪನ್ನು ಉಳಿಸಿಕೊಳ್ಳಬಾರದು, ಅದರ ಮೇಲೇ ಮುಂದಿನದನ್ನು ರೆಕಾರ್ಡ್ ಮಾಡಬೇಕು. ಹಾಗೆ ಮಾಡಿದ್ದಕ್ಕೆ ಕಾರಣ ಇದೆ. 1949ರಲ್ಲಿ ಗಾಯಕ ಬಿಂಗ್ ಕ್ರಾಸ್ಬಿ ಲೆಸ್ ಪಾಲ್‌ಗೆ ಒಂದು ಆಂಪೆಕ್ಸ್ ಟೇಪ್ ಯಂತ್ರ ಕೊಟ್ಟರು. ಅದನ್ನು ನೋಡುತ್ತಲೇ ಅವರಿಗೆ ಹೊಳೆದದ್ದು ಒಂದು ಹೆಚ್ಚುವರಿ ಹೆಡ್. ಟೇಪ್ ಓಡುವ ದಾರಿಯಲ್ಲಿ ಮೊದಲು ಅಳಿಸುವ ಹೆಡ್, ಆಮೇಲೆ ಬರೆಯುವ ಹೆಡ್ ಇರುತ್ತದೆ. ಅಳಿಸುವ ಹೆಡ್‌ಗಿಂತ ಮುಂಚೆ ಓದುವ ಹೆಡ್ ಒಂದನ್ನು ಕೂರಿಸಿದರೆ? ಹಳೇ ಹಾಡು ಅಳಿಯುವ ಮೊದಲೇ ಕಿವಿಗೆ ಬರುತ್ತದೆ. ಅದರ ಜೊತೆ ಹೊಸದನ್ನು ನುಡಿಸಿದರೆ ಎರಡೂ ಸೇರಿ ಅದೇ ಟೇಪಿಗೆ ಮತ್ತೆ ಬರೆದುಕೊಳ್ಳುತ್ತವೆ. ಒಂದೇ ಯಂತ್ರ, ಒಂದೇ ಟೇಪ್. ಹೋಟೆಲ್ ಕೋಣೆಯಲ್ಲೂ ರೆಕಾರ್ಡ್ ಮಾಡಬಹುದು.

ಆದರೆ ಹಿಂದಿನದು ಅಳಿದೇ ಹೋಗುತ್ತದೆ. ಏಳು ಪದರ ಸರಿಯಾಗಿ ಬಂದು ಎಂಟನೆಯದರಲ್ಲಿ ಒಂದು ಸ್ವರ ತಪ್ಪಿದರೆ ಎಂಟೂ ಹೋದವು. ಮೊದಲಿಂದ ಮಾಡಬೇಕು. ಆ ಭಯ ಏನು ಅಂತ ನಮಗೂ ಗೊತ್ತಾಗಬೇಕಿತ್ತು.

ಗೊತ್ತಾಯಿತು. ನಾಲ್ಕನೇ ಪದರದ ಕೊನೆಯ ಸಾಲಿನಲ್ಲಿ ಅಡುಗೆಮನೆಯ ಕುಕ್ಕರ್ ಕೂಗಿತು. ಹೆಡ್‌ಫೋನ್‌ನಲ್ಲಿ ಆ ಸೀಟಿ ಕೇಳಿದಾಗ ಕೈ ತಣ್ಣಗಾಯಿತು. ಮತ್ತೆ ಕಲ್ಲಿನಿಂದ ಶುರು. ಅಮ್ಮ ಬೇಸರ ಮಾಡಿಕೊಳ್ಳಲಿಲ್ಲ. "ಹೆಂಗೂ ನಾಳೆ ಮುದ್ದೆಗೆ ಹಿಟ್ಟು ಬೇಕಲ್ಲ" ಅಂದರು.

ಇನ್ನೊಂದು ವಿಷಯ ಇವತ್ತು ಕೈಗೆ ತಿಳಿಯಿತು. ಪ್ರತಿ ಸಲ ಹೊಸ ಟೇಪಿಗೆ ಹೋದಾಗ ಹಳೇ ಪದರಗಳು ಮಂಕಾಗುತ್ತವೆ, ಹುಸ್ ಅನ್ನುವ ಸದ್ದು ಜಾಸ್ತಿಯಾಗುತ್ತದೆ. ಅದಕ್ಕೇ ಲೆಸ್ ಪಾಲ್ ಮುಖ್ಯವಲ್ಲದ್ದನ್ನು ಮೊದಲು, ಮುಖ್ಯವಾದದ್ದನ್ನು ಕೊನೆಗೆ ರೆಕಾರ್ಡ್ ಮಾಡುತ್ತಿದ್ದರು. ಅಂದರೆ ಶುರು ಮಾಡುವ ಹೊತ್ತಿಗೇ ಇಡೀ ಹಾಡು ತಲೆಯಲ್ಲಿ ಮುಗಿದಿರಬೇಕು. ಬೇಸ್ ಜೋರಾಯಿತು, ಆಮೇಲೆ ತಗ್ಗಿಸೋಣ ಅನ್ನುವ ಹಾಗಿಲ್ಲ. ಆಮೇಲೆ ಅನ್ನುವುದೇ ಇಲ್ಲ. ಜೊತೆಗೆ, ಕೊನೆಗೆ ಸರಿಯಾಗಿ ಕೇಳಿಸದ ಆ ಮೊದಲ ಪದರವೇ ಎಲ್ಲರ ಲಯವನ್ನೂ ಹೊರಬೇಕು. ಅಮ್ಮನ ಕೈ ಗಡಿಯಾರದ ಹಾಗೆ ತಿರುಗಿತು. ಅದಿಲ್ಲದಿದ್ದರೆ ಯಾವುದೂ ಆಗುತ್ತಿರಲಿಲ್ಲ.

ಐದನೇ ಭಾನುವಾರ

ಮಳೆ. ಹಂಚಿನ ಮೇಲೆ ಸದ್ದು. ಮೈಕ್ ತೆಗೆಯಲಿಲ್ಲ. ತಂಗಿ ತನ್ನ ಮೂರು ದನಿಯನ್ನು ಅಭ್ಯಾಸ ಮಾಡಿದಳು.

ಆರನೇ ಭಾನುವಾರ

ಇವತ್ತಿನದು ಪೂರ್ತಿ ತಂಗಿಯ ದಿನ. ಹಾಗೇ ಲೆಸ್ ಪಾಲ್ ಅವರ ಹೆಂಡತಿ, ಗಾಯಕಿ ಮೇರಿ ಫೋರ್ಡ್ ದಿನ.

ಮೇರಿ ಫೋರ್ಡ್ ಅವರ ಮೊದಲ ಹೆಸರು ಐರಿಸ್ ಕಾಲೀನ್ ಸಮ್ಮರ್ಸ್. 1948ರ ಜನವರಿಯಲ್ಲಿ ಒಕ್ಲಹೋಮದ ಹಿಮ ಬಿದ್ದ ರಸ್ತೆಯಲ್ಲಿ ಅವರಿಬ್ಬರಿದ್ದ ಕಾರು ಜಾರಿ ಬಿತ್ತು. ಲೆಸ್ ಪಾಲ್ ಬಲ ಮೊಣಕೈ ಪುಡಿಯಾಯಿತು. ಇನ್ನು ಕೈ ಮಡಚಲು ಆಗದು ಅಂದಾಗ, ಗಿಟಾರ್ ಹಿಡಿಯುವ ಕೋನದಲ್ಲೇ ಕೂರಿಸಿ ಅಂತ ವೈದ್ಯರಿಗೆ ಹೇಳಿದರು. ಚೇತರಿಸಿಕೊಂಡ ಮೇಲೆ ಇಬ್ಬರೂ ಮದುವೆಯಾದರು. 1951ರಲ್ಲಿ ಅವರ 'ಹೌ ಹೈ ದ ಮೂನ್' ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು. ನ್ಯೂಯಾರ್ಕಿನ ಜಾಕ್ಸನ್ ಹೈಟ್ಸ್‌ನ ಮನೆಯಲ್ಲೇ ರೆಕಾರ್ಡ್ ಆದ ಹಾಡು. ಅದರಲ್ಲಿ ಕೇಳುವ ಹೆಂಗಸರ ಗುಂಪು ಪೂರ್ತಿ ಮೇರಿ ಒಬ್ಬರೇ.

ತಂಗಿ ಐದನೇ ಪದರಕ್ಕೆ ಕೆಳದನಿ ಹಾಡಿದಳು. ಚೆನ್ನಾಗಿತ್ತು. ಆರನೇ ಪದರಕ್ಕೆ ಮೇಲ್ದನಿ ಸೇರಿಸಿದಾಗ 'ಸ' ಬರುವ ಕಡೆಯೆಲ್ಲಾ ಸ್ಸ್ ಸ್ಸ್ ಅಂತ ಎರಡೆರಡು ಸಲ ಕೇಳಿತು. ಎರಡು 'ಸ'ಗಳ ನಡುವೆ ಕಣ್ಣು ಮಿಟುಕಿಸುವಷ್ಟು ಅಂತರ, ಆದರೂ ಕಿವಿಗೆ ಒರಟು. "ಅಣ್ಣಾ, ನಾನು 'ಸ' ನುಂಗ್ತೀನಿ, ನೀನು ಕೇಳು" ಅಂದಳು. ಮತ್ತೆ ಹಾಡಿದಾಗ ಹಿಂದಿನ ದನಿಗಳಲ್ಲಿ 'ಸೊಸೆ' ಅನ್ನುವ ಪದ ಬರೀ 'ಒಎ' ಅನ್ನುವ ಹಾಗೆ ಇತ್ತು. ಏಳನೇ ಪದರ, ಮುಖ್ಯ ದನಿ, ಅದರಲ್ಲಿ ಮಾತ್ರ 'ಸ' ಪೂರ್ತಿ. ಮೂರೂ ಸೇರಿದಾಗ ಒಂದೇ ಬಾಯಿಂದ ಬಂದ ಹಾಗೆ ಕೇಳಿತು. ಉಸಿರು ಎಲ್ಲೆಲ್ಲಿ ತೆಗೆದುಕೊಂಡೆ ಅನ್ನುವುದನ್ನೂ ಅವಳು ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡಿದ್ದಳು. ಮೂರು ಸಲವೂ ಅಲ್ಲಲ್ಲೇ ಉಸಿರು.

ಇದನ್ನು ಕಣ್ಣಾರೆ ನೋಡಿದ ಮೇಲೆ ನನಗೆ ಒಂದು ಮಾತು ಹೇಳಲೇಬೇಕು ಅನ್ನಿಸುತ್ತದೆ. ಗಿಟಾರ್ ಮೇಲೆ ಹೆಸರು ಲೆಸ್ ಪಾಲ್ ಒಬ್ಬರದೇ. ಪುಸ್ತಕಗಳಲ್ಲೂ ಯಂತ್ರದ ಕಥೆಯೇ ಜಾಸ್ತಿ. ಆದರೆ ಹಿಂದಿನದು ಅಳಿಯುತ್ತಾ ಹೋಗುವ ಟೇಪಿನ ಮುಂದೆ ನಿಂತು, ತನ್ನ ದನಿಗೆ ತಾನೇ ಜೋಡಿಯಾಗಿ, ಪದರದ ಮೇಲೆ ಪದರ ತಪ್ಪಿಲ್ಲದೆ ಹಾಡಿದವರು ಮೇರಿ. ಯಂತ್ರದ ಯೋಚನೆ ಅವರದು, ಅದು ಹಾಡಾಗಿದ್ದು ಇವರಿಂದ. ಇಬ್ಬರನ್ನೂ ಒಟ್ಟಿಗೆ ನೆನೆಯಬೇಕು.

ಏಳನೇ ಭಾನುವಾರ

ಏಳು ಪದರದ ಟೇಪನ್ನು ಬೆಳಿಗ್ಗೆ ಎದ್ದ ಕೂಡಲೇ ಕೇಳಿದೆವು. ಹುಸ್ ಸದ್ದು ತುಂಬಾ ಇರುತ್ತದೆ ಅಂತ ಹೆದರಿದ್ದೆ. ಇದೆ, ಆದರೆ ಬೀಸುವ ಕಲ್ಲಿನ ಸದ್ದಿನೊಳಗೆ ಬೆರೆತುಹೋಗಿದೆ. ಯಾವುದು ಕಲ್ಲು, ಯಾವುದು ಟೇಪ್ ಅಂತ ಬಿಡಿಸಿ ಹೇಳಲಾಗದು. ಬೇಸ್ ಅಡಿಯಲ್ಲಿ ಮೆತ್ತಗೆ ಕೂತಿದೆ.

ಬಳೆ ಮಾತ್ರ ಇಲ್ಲ. ಆರು ಸಲ ನಕಲಾಗುವಷ್ಟರಲ್ಲಿ ಆ ಚೂಪು ಸದ್ದು ಪೂರ್ತಿ ಮಾಯವಾಗಿದೆ. ನನಗೆ ಬಹಳ ಬೇಜಾರಾಯಿತು. ಅಜ್ಜಿ ಬೀಸುವಾಗ ಹಾಡಿಗಿಂತ ಮೊದಲು ನಮಗೆ ಕೇಳುತ್ತಿದ್ದದ್ದೇ ಬಳೆ.

1957ರಲ್ಲಿ ಆಂಪೆಕ್ಸ್ ಕಂಪನಿಯಿಂದ ಲೆಸ್ ಪಾಲ್‌ಗೆ ಎಂಟು ಟ್ರ್ಯಾಕಿನ ಯಂತ್ರ ಬಂತು. ಎಂಟು ಪದರಕ್ಕೆ ಎಂಟು ಬೇರೆ ಬೇರೆ ದಾರಿ. ಯಾವುದೂ ಯಾವುದನ್ನೂ ಅಳಿಸುವುದಿಲ್ಲ, ಯಾವುದೂ ಮಂಕಾಗುವುದಿಲ್ಲ. ಅದು ಎಲ್ಲರ ಕೈಗೆ ಬರಲು ಸಮಯ ಹಿಡಿಯಿತು. 1967ರಲ್ಲಿ ಕೂಡ ಬೀಟಲ್ಸ್ ಲಂಡನ್ನಿನಲ್ಲಿ ನಾಲ್ಕು ಟ್ರ್ಯಾಕಿನ ಯಂತ್ರಗಳಲ್ಲೇ ಕೆಲಸ ಮಾಡುತ್ತಿದ್ದರು. ನಾಲ್ಕು ತುಂಬಿದರೆ ಇನ್ನೊಂದು ಯಂತ್ರಕ್ಕೆ ಇಳಿಸಿ ಜಾಗ ಮಾಡಿಕೊಳ್ಳುತ್ತಿದ್ದರು. ನಮ್ಮ ಹಾಗೆಯೇ. ನಮ್ಮ ಹತ್ತಿರ ಎಂಟು ದಾರಿ ಇದ್ದಿದ್ದರೆ ಬಳೆ ಉಳಿಯುತ್ತಿತ್ತು.

ಆಗ ತಂಗಿ ಅಂದಳು, "ಎಂಟನೇ ಪದರ ಇನ್ನೂ ಖಾಲಿ ಇದೆಯಲ್ಲಾ ಅಣ್ಣಾ." ಅದರಲ್ಲಿ ಇನ್ನೊಂದು ಗಿಟಾರ್ ಹಾಕಬೇಕು ಅಂತ ಇದ್ದೆ. ಬಿಟ್ಟೆ.

ಅಮ್ಮನಿಗೆ ಹೆಡ್‌ಫೋನ್ ಹಾಕಿದೆವು. ಮುಂದೆ ಕಲ್ಲಿಲ್ಲ, ರಾಗಿ ಇಲ್ಲ. ಮೈಕ್ ಬಲಗೈಯ ಪಕ್ಕದಲ್ಲೇ, ನಾಲ್ಕು ಬೆರಳು ದೂರ. ಟೇಪ್ ಓಡಿಸಿದೆ. ತಾವೇ ಬೀಸಿದ ಕಲ್ಲಿನ ಸದ್ದು ಅಮ್ಮನ ಕಿವಿಗೆ ಬಿದ್ದಿರಬೇಕು. ಅಮ್ಮ ಕಣ್ಣು ಮುಚ್ಚಿದರು. ಕೈ ಗಾಳಿಯಲ್ಲಿ ತಾನಾಗಿಯೇ ತಿರುಗಲು ಶುರುವಾಯಿತು.