ಬೆಟ್ಟಾ ಚೇತರಿಸಿಕೊಳ್ಳುತ್ತಿದ್ದಾನೆ

ನಮ್ಮ ನೀಲಿ ಬೆಟ್ಟಾ ಮೀನಿನ ರೆಕ್ಕೆ ಕೊಳೆಯುವುದು ನಿಂತಿದೆ. ಹರಿದ ಅಂಚಿನಲ್ಲಿ ಗಾಜಿನಂಥ ತೆಳು ಪೊರೆ ಕಾಣುತ್ತಿದೆ. ಹೊಸ ರೆಕ್ಕೆ ಮೊದಲು ಹಾಗೇ, ಬಣ್ಣವಿಲ್ಲದೆ ಬರುತ್ತದೆ. ಔಷಧಿ ಏನೂ ಹಾಕಲಿಲ್ಲ. ದಿನಾ ಕಾಲು ಭಾಗ ನೀರು ಬದಲಿಸಿದೆ, ಕ್ಲೋರಿನ್ ತೆಗೆದು, ಬಿಸಿ 26 ಡಿಗ್ರಿಯಲ್ಲೇ ಇರುವಂತೆ ನೋಡಿಕೊಂಡು. ಊಟ ಸ್ವಲ್ಪ ಕಡಿಮೆ. ಫಿಲ್ಟರಿನ ಸ್ಪಂಜನ್ನು ಮಾತ್ರ ನಲ್ಲಿ ಕೆಳಗೆ ಹಿಡಿಯಲಿಲ್ಲ, ತೊಟ್ಟಿಯಿಂದ ತೆಗೆದ ನೀರಲ್ಲೇ ಹಿಂಡಿದೆ. ಮೀನಿನ ಹೊಲಸಿನಿಂದ ನೀರಿಗೆ ಸೇರುವ ವಿಷ ಅಮೋನಿಯಾ; ಅದನ್ನು ತಿನ್ನುವ ಬ್ಯಾಕ್ಟೀರಿಯಾ ಜಾಸ್ತಿ ಇರುವುದೇ ಆ ಸ್ಪಂಜಿನಲ್ಲಿ, ನಲ್ಲಿ ನೀರಿನ ಕ್ಲೋರಿನ್‌ಗೆ ಅವು ಸಾಯಬಹುದು. ಮೀನು ಸಾಕುವುದು ಅಂದರೆ ಅರ್ಧಕ್ಕರ್ಧ ನೀರು ಸಾಕುವುದೇ ಅಲ್ವಾ? ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ಈಗ ಸೊನ್ನೆ. ಇವತ್ತು ಬೆರಳು ತೋರಿಸಿದರೆ ಕಿವಿರು ಅರಳಿಸಿಕೊಂಡು ಜಗಳಕ್ಕೇ ಬಂದ, ಪುಣ್ಯಾತ್ಮ. ನಾಳೆಯಿಂದ ದಿನ ಬಿಟ್ಟು ದಿನ ನೀರು ಬದಲಿಸಿದರೆ ಸಾಕು.