ಅಲ್ಲಾಡೋದೇ ಇಲ್ಲ ಸಾರ್

ಈ ವಾರ ರಿಪೇರಿಗೆ ಬಂದ ಕ್ಯಾಂಪರ್ ಟ್ರೇಲರಿನ (ವಾಹನದ ಹಿಂದೆ ಎಳೆದೊಯ್ಯುವ ಪ್ರವಾಸದ ಪುಟ್ಟ ಮನೆ) ಫ್ರಿಜ್ಜಿಗೆ ಒಂದು ವಿಚಿತ್ರ ಹಟ. ಆಫ್ ಇದ್ದಾಗ ಬ್ಯಾಟರಿಯಲ್ಲೂ 13.2 ವೋಲ್ಟ್, ಫ್ರಿಜ್ಜಿನ ಪ್ಲಗ್ಗಿನಲ್ಲೂ 13.2. ಕಂಪ್ರೆಸರ್ ಗುರ್ ಅಂದ ಕೂಡಲೇ ಪ್ಲಗ್ಗಿನಲ್ಲಿ 10ಕ್ಕೆ ಇಳಿದು ಎಲ್ಲ ಬಂದ್. ಮಾಲೀಕರು ಫ್ರಿಜ್ಜನ್ನೇ ಬದಲಿಸಲು ಹೊರಟಿದ್ದರು. ಫ್ಯೂಸ್ ಪೆಟ್ಟಿಗೆಯ ಲಗ್ಗನ್ನು, ಅಂದರೆ ವೈರಿನ ತುದಿಗೆ ಕೂರಿಸುವ ಲೋಹದ ಕಿವಿಯನ್ನು, ಬೆರಳಿನಿಂದ ಒತ್ತಿ ತೋರಿಸಿ, "ಬೆಸುಗೆ ಹಾಕಿದೀನಿ ಸಾರ್, ಅಲ್ಲಾಡೋದೇ ಇಲ್ಲ" ಅಂದರು.

ನಿಜ, ಅಲ್ಲಾಡಲಿಲ್ಲ. ಮೇಲಿನ ಹೀಟ್‌ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ) ಕೊಳವೆ ಸೀಳಿದರೆ, ಬೆಸುಗೆ ಮುಗಿದ ಗೆರೆಯಲ್ಲೇ ವೈರಿನ ಎಳೆಗಳೆಲ್ಲ ತುಂಡಾಗಿದ್ದವು. ಕೊಳವೆಯ ಬಿಗಿಗೆ ತುದಿಗೆ ತುದಿ ತಾಗಿಕೊಂಡಿದ್ದವು ಅಷ್ಟೇ. ವೋಲ್ಟ್ ಮೀಟರಿಗೆ ಅಷ್ಟು ಸಾಕು, ಅದು ಹೆಚ್ಚುಕಡಿಮೆ ಕರೆಂಟನ್ನೇ ಎಳೆಯುವುದಿಲ್ಲವಲ್ಲ. ಐದು ಆಂಪಿಯರ್ ಎಳೆಯುವ ಫ್ರಿಜ್ಜಿಗೆ ಸಾಲದು. ಅದಕ್ಕೇ ವೋಲ್ಟೇಜನ್ನು ಯಾವಾಗಲೂ ಲೋಡ್ ಓಡುತ್ತಿರುವಾಗ, ಎರಡೂ ತುದಿಯಲ್ಲಿ ಅಳೆಯಬೇಕು.

ಅಲ್ಲಾಡೋದೇ ಇಲ್ಲ ಅನ್ನುವುದೇ ಇಲ್ಲಿನ ರೋಗ. ಕರಗಿದ ಬೆಸುಗೆ ಎಳೆಗಳ ನಡುವೆ ಬತ್ತಿಗೆ ಎಣ್ಣೆ ಏರಿದ ಹಾಗೆ ಏರುತ್ತದೆ. ಏರಿದಷ್ಟು ಉದ್ದ ವೈರು ಕಡ್ಡಿಯಾಗುತ್ತದೆ, ಅಲ್ಲಿಂದಾಚೆ ಮೆತ್ತಗೇ ಇರುತ್ತದೆ. ಅಲೆಯಲೆಯಾದ ಮಣ್ಣುರಸ್ತೆಯ ನಡುಕವೆಲ್ಲ ವೈರನ್ನು ಆ ಒಂದು ಗೆರೆಯಲ್ಲೇ ಬಗ್ಗಿಸಿ ಬಗ್ಗಿಸಿ ಕತ್ತರಿಸುತ್ತದೆ. ಲಗ್ಗಿನ ಅಳತೆಗೆ ತಕ್ಕ ಹಲ್ಲಿರುವ ಕ್ರಿಂಪಿಂಗ್ ಉಪಕರಣದಿಂದ ಒತ್ತಿ, ಒಳಗೆ ಅಂಟಿನ ಪದರವಿರುವ ಹೀಟ್‌ಶ್ರಿಂಕ್ ಹಾಕುವುದೇ ಸರಿ. ಸುತ್ತಿಗೆಯಿಂದ ಜಜ್ಜುವವರಿಗೆ ಹೇಳಿ ಪ್ರಯೋಜನವಿಲ್ಲ, ಬಿಡಿ. ಲಗ್ಗಿನಿಂದ ನಾಲ್ಕು ಬೆರಳು ದೂರದಲ್ಲಿ ರಬ್ಬರ್ ಒಳಪದರದ ಕ್ಲಾಂಪು, ನಡುವೆ ಸ್ವಲ್ಪ ಸಡಿಲ ಬಾಗು. ಹೊಸ ವೈರಿನ ಆ ಬಾಗನ್ನು ನೋಡಿ ಮಾಲೀಕರು ಮುಖ ಕಿವುಚಿದರು: "ಇದು ಅಲ್ಲಾಡ್ತದಲ್ಲ ಸಾರ್?" ಬಾಗು ಅಲ್ಲಾಡಬೇಕು, ಲಗ್ ಅಲ್ಲಾಡಬಾರದು. ಚೊಕ್ಕಟವಾಗಿ ಬಿಗಿದು ಕಟ್ಟಿದ ವೈರಿಂಗ್ ಫೋಟೋದಲ್ಲಿ ಚೆನ್ನ, ಓಡಾಟದಲ್ಲಿ ಅದರ ಎಳೆತವೆಲ್ಲ ಟರ್ಮಿನಲ್ಲಿನ ಮೇಲೆ.

ವೈರಿನ ದಪ್ಪದಲ್ಲೂ ಇದೇ ಕಣ್ಣಳತೆ. ವಾಹನದ ಬ್ಯಾಟರಿಯಿಂದ ಟ್ರೇಲರಿನೊಳಗಿನ ಡಿಸಿ-ಡಿಸಿ ಚಾರ್ಜರಿಗೆ (ವಾಹನದ ಕರೆಂಟಿನಿಂದ ಟ್ರೇಲರಿನ ಬ್ಯಾಟರಿ ತುಂಬಿಸುವ ಪೆಟ್ಟಿಗೆ) 6 ಮೀಟರ್ ಅಂದರೆ ಹೋಗಿ ಬರಲು 12. ಅದು 20 ಆಂಪಿಯರ್ ಎಳೆದರೆ 4 ಚದರ ಮಿ.ಮೀ. ತಾಮ್ರ ಸುಮಾರು 1 ವೋಲ್ಟ್ ನುಂಗುತ್ತದೆ, 16 ಚದರ ಮಿ.ಮೀ. ಕಾಲು ವೋಲ್ಟ್. ಕೆಲವು ವಾಹನದ ವೈರುಗಳ ಅಳತೆ ಹೊರಕವಚದ್ದು, "6 ಮಿ.ಮೀ." ಎಂದು ಕೊಟ್ಟದ್ದರಲ್ಲಿ ತಾಮ್ರ 4.6 ಚದರ ಮಿ.ಮೀ. ಅಷ್ಟೇ. ವಾಹನದಿಂದ ಟ್ರೇಲರಿಗೆ ಹೋಗುವ ಆ ದಾರಿಗೆ ಎರಡು ತುದಿಯಲ್ಲೂ ಬ್ಯಾಟರಿಯುಂಟು, ಹಾಗಾಗಿ ಫ್ಯೂಸೂ ಎರಡು, ಪ್ರತಿ ಬ್ಯಾಟರಿಯಿಂದ ಗೇಣೊಳಗೆ. ಇವರ ಟ್ರೇಲರಿನಲ್ಲಿ ಇದ್ದದ್ದು ಒಂದೇ.

ಬ್ಯಾಟರಿ ತಟ್ಟೆಯ ಬೋಲ್ಟು ಪ್ಲೈವುಡ್ಡಿಗಲ್ಲ, ಕಬ್ಬಿಣದ ಚೌಕಟ್ಟಿಗೆ ಹೋಗಬೇಕು. ವೈರು ಹಾಯುವ ತಗಡಿನ ತೂತಿಗೆಲ್ಲ ರಬ್ಬರ್ ಬಳೆ. ಬಿಗಿದ ನಟ್ಟಿನಿಂದ ಬೋಲ್ಟಿನ ಮೇಲೆ ಹಾಯುವ ಹಾಗೆ ಬಣ್ಣದ ಒಂದು ಗೆರೆ ಎಳೆದರೆ, ತಿರುಗಿದ್ದು ಟಾರ್ಚ್ ಬೆಳಕಿನಲ್ಲೇ ಗೊತ್ತಾಗುತ್ತದೆ. ಮೊದಲ ನೂರು ಕಿಲೋಮೀಟರ್ ಒರಟು ದಾರಿ ಮುಗಿದ ಮೇಲೆ ಎಲ್ಲವನ್ನೂ ಮತ್ತೆ ನೋಡಬೇಕು.

ಅದೇ ಕೈಯಲ್ಲಿ ಬೆಸೆದ ಇನ್ನೂ ಹನ್ನೊಂದು ಲಗ್ ಟ್ರೇಲರಿನ ಮಂಚದಡಿ ಇವೆ. ಒತ್ತಿ ನೋಡಿದರೆ ಒಂದೂ ಅಲ್ಲಾಡುವುದಿಲ್ಲ.